ಹಲಗೆಯ ಬೆನ್ನು

ಅಕ್ಷರಕ್ಕೆ ಹದಿನಾಲ್ಕು ರೂಪಾಯಿ,
ಒತ್ತಕ್ಷರಕ್ಕೆ ಬೇರೆ ಕೊಡೋದಿಲ್ಲ ಅಂದರು ಇಂಜಿನಿಯರ್.
ಫ್ಲೆಕ್ಸ್ ಕಟ್ಟಿಸಿದರೆ ಮೂರೇ ವಾರಕ್ಕೆ ಯಾರೋ ಬಿಚ್ಚಿಕೊಂಡು ಹೋಗಿ
ಶೆಡ್ಡಿಗೆ ಹೊದಿಸುತ್ತಾರಂತೆ.
ಅದಕ್ಕೇ ತಗಡು. ಅದಕ್ಕೇ ಈ ಖಲಂದರ್ ಆರ್ಟ್ಸ್.

ಸೀಗೇಕುಂಟೆ ಕೆರೆ. ಏರಿಯ ಮೇಲೆ ವಾಕಿಂಗಿನ ಹಾದಿ,
ಎದುರು ದಡದಲ್ಲಿ ರಾಜಕಾಲುವೆ ಬಂದು ಬೀಳುವ ಬಾಯಿ,
ನೊರೆ, ನೊರೆಯಾಚೆ ಮೆಟ್ರೊ ಕಂಬಗಳು.
ಏಳಕ್ಕೆ ಬಿಳಿ ಬಳಿದೆ, ಒಣಗಿದ ಮೇಲೆ ದಾರ ಹಿಡಿದು ಗೆರೆ ಹೊಡೆದೆ.
ಪಿಳ್ಳಣ್ಣ ಆಗಲೇ ಕೋಡಿಕಲ್ಲಿನ ಮೇಲೆ ಕೂತಿದ್ದ,
ಬೀಸುಬಲೆ ತೊಡೆಯ ತುಂಬ ಹರಡಿಕೊಂಡು
ಹರಿದ ಕಣ್ಣು ಹುಡುಕುತ್ತ.

"ಏನ್ ಬರೀತಿದ್ದೀಯಪ್ಪಾ?"
ಹವ್ಯಾಸಕ್ಕಾಗಿ ಬಲೆ ಬೀಸುವವರಿಗೆ ನಿಯಮಗಳು, ಓದಿದೆ.
"ಹವ್ಯಾಸ ಅಂದ್ರೆ?"
ಕುಂಚ ನಿಂತಿತು. ಹೊಟ್ಟೆಗಲ್ಲದ್ದು, ಅಂದೆ.
ನಕ್ಕ. ಹಲ್ಲಿನ ನಡುವೆ ನೂಲು ಕಚ್ಚಿಕೊಂಡೇ ನಕ್ಕ.

"ಸೊಸೈಟಿ ಇರೋವರ್ಗೂ ಇದು ಕಸುಬು.
ಟೆಂಡರ್ ಬೇರೇರ್ಗೆ ಹೋಯ್ತು ನೋಡು, ಅವತ್ತಿಂದ ಕಳ್ತನ.
ಈಗ ಭಾನುವಾರ ಆರರಿಂದ ಒಂಬತ್ತು
ಅದೇ ಕೈ, ಅದೇ ಬಲೆ, ಹವ್ಯಾಸ.
ಬರಿ ಬರಿ, ಪದ ಚೆನ್ನಾಗೈತೆ."

ಒಬ್ಬರಿಗೆ ಒಂದೇ ಬಲೆ. ಚೀಟಿ ಜೇಬಿನಲ್ಲಿರಬೇಕು.
ಹಿಡಿದದ್ದನ್ನು ಮಾರಕೂಡದು.
ಕೋಡಿಯಿಂದ ಐವತ್ತು ಮೀಟರ್ ಒಳಗೆ ಬೀಸಕೂಡದು.

ಇಲ್ಲಿಗೆ ಬಂದಾಗ ಎದ್ದು ನಿಂತ.
"ಐವತ್ತು ಯಾವ ಲೆಕ್ಕ? ಹೊಸನೀರು ಬಂದು ಕೋಡಿ ಹರಿದಾಗ
ಮೀನು ಎದುರು ಏರ್ತವೆ, ಹೊಟ್ಟೆ ತುಂಬ ಮೊಟ್ಟೆ.
ಬಲೆ ಯಾಕೆ, ಪಂಚೆ ಹಿಡಿದ್ರೂ ತುಂಬ್ತದೆ.
ನಮ್ಮಪ್ಪ ಆ ಮೂರು ದಿನ ಬಲೇನ ಜಂತೆಗೆ ಕಟ್ಟಿ
ಮುದ್ದೆಗೆ ಹುಣಸೆನೀರು ಕಲಿಸ್ಕೊಂಡು ತಿಂದ. ಅದನ್ನ ಹಾಕು.
ಇನ್ನೊಬ್ಬನ ಬಲೆ ಎಬ್ಬಿಸಿದ ಅಲೆ ಆರೋ ಮುಂಚೆ ನಿಂದು ಬಿಡ್ಬೇಡ, ಅದನ್ನೂ.
ಎಳೀವಾಗ ಎಣಿಸ್ಬೇಡ."
ಚೀಟಿಯಲ್ಲಿಲ್ಲ, ಅಂದೆ. ಇಲ್ಲದ್ದಕ್ಕೆ ಕಾಸಿಲ್ಲ.

ಅವತ್ತು ಮಂಗಳವಾರ. ನೀರಿಗಿಳಿಯುವಂತಿಲ್ಲ.
ಹುಲ್ಲಿನ ಮೇಲೆ ಬೀಸಲು ಯಾರ ಅಪ್ಪಣೆ?
ಹಗ್ಗ ಮಣಿಕಟ್ಟಿಗೆ, ಅರ್ಧ ಬಲೆ ಮೊಣಕೈಗೆ,
ಸೀಸದ ಅಂಚು ಹಲ್ಲಿಗೆ. ಸೊಂಟ ತಿರುಗಿತು, ಅಷ್ಟೇ.
ಇಯರ್‌ಫೋನಿನ ಹೆಂಗಸೊಬ್ಬಳು ಹೆಜ್ಜೆ ಹಿಂದಿಟ್ಟಳು.
ಬಲೆ ಗಾಳಿಯಲ್ಲಿ ಬಿಚ್ಚಿ ಬಿತ್ತು, ದುಂಡಗೆ,
ನಡುವೆ ಸಿಕ್ಕಿದ್ದು ಒಂದೇ, ನನ್ನ ಬಣ್ಣದ ಡಬ್ಬಿಯ ಮುಚ್ಚಳ.
ಠ.
ಮೂವತ್ತೆಂಟು ವರ್ಷ ಬರೆದಿದ್ದೇನೆ ಆ ಅಕ್ಷರ,
ಅಂಗಡಿ, ಲಾರಿ, ಶಾಲೆಯ ಗೋಡೆ.
ಒಂದೇ ಎಳೆತಕ್ಕೆ ಹೀಗೆ ಬಂದಿಲ್ಲ.

ಕೊನೆಯ ಸಾಲು: ಬಲೆಯ ಕಣ್ಣು
ನಲವತ್ತು ಮಿಲಿಮೀಟರಿಗಿಂತ ಕಡಿಮೆ ಇರಕೂಡದು.
"ಮಿಲಿ ಯಾವನಿಗೆ ಗೊತ್ತು? ಎರಡು ಬೆರಳು ಹೋಗ್ಬೇಕು.
ಬೆರಳು ಹೋದ್ರೆ ಮರೀನೂ ಹೋಯ್ತು."
ಬೆರಳು ತೂರಿಸಿ ತೋರಿಸಿದ. ತೋರುಬೆರಳಿನ ತುದಿ ಇರಲಿಲ್ಲ.
ಕೇಳಲಿಲ್ಲ ನಾನು.

ಮೂರಕ್ಕೆ ಇಂಜಿನಿಯರ್ ಬಂದರು. ಎಣಿಸಿದರು.
ಸ್ಪೇಸಿಗೂ ದುಡ್ಡು ಕೇಳ್ತೀಯಾ ಅಂತ ಜಗಳ ತೆಗೆದರು,
ಕೊಟ್ಟರು, ಬೈಕ್ ಹತ್ತಿದರು.

ಹಲಗೆಯ ಮುಖ ನಡೆಯುವವರಿಗೆ.
ಬೆನ್ನು ನೀರಿಗೆ, ಬರೀ ತಗಡು.
ಉಳಿದ ಕಪ್ಪಿನಲ್ಲಿ ಅಲ್ಲೊಂದು ಚೌಕ ಬರೆದೆ,
ಅವನ ಬಲೆಯನ್ನೇ ಇಟ್ಟು ಅಳೆದು, ಒಂದು ಕಣ್ಣಿನಷ್ಟು,
ಅಕ್ಷರವಿಲ್ಲ, ಅಂಕಿಯಿಲ್ಲ.
ಒಣಗಲಿ ಅನ್ನುವಷ್ಟರಲ್ಲಿ
ಪಿಳ್ಳಣ್ಣ ಎರಡು ಬೆರಳಿಟ್ಟು ನೋಡೇಬಿಟ್ಟ.
ಒಂದು ಪೂರಾ, ಒಂದು ಮೊಂಡು,
ಚೌಕದ ಅಂಚಿಗೆ ಎರಡು ಗುರುತು.

ಸೀಮೆಎಣ್ಣೆ ಬಟ್ಟೆ ತೆಗೆದವನು
ಮತ್ತೆ ಮಡಿಚಿ ಡಬ್ಬಿಗಿಟ್ಟೆ.